ಕೀಲಿ ಹೊತ್ತವನ ಹಿಂದೆ ಓಡಿ ಊರು ನೋಡಿದ್ದು

ಗಜೇಂದ್ರಗಡದಲ್ಲಿ ಮಲಿಕಸಾಬ ನಡೆದದ್ದನ್ನು ಕಂಡವರು ಕಡಿಮೆ. ಹೆಗಲ ಮೇಲೆ ಎದೆಯೆತ್ತರದ ಕಬ್ಬಿಣದ ಕೀಲಿ, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಬರಿಗಾಲು. ಗುಡ್ಡದ ಬುಡದ ನೀರಿನ ಟ್ಯಾಂಕಿನಿಂದ ಹೊರಟನೆಂದರೆ ಓಣಿಯಿಂದ ಓಣಿಗೆ ಓಡುತ್ತಲೇ ಇರುತ್ತಿದ್ದ. ನೆಲದೊಳಗಿನ ವಾಲ್ ತಿರುಗಿಸಿ ನಳಗಳಿಗೆ ನೀರು ಬಿಡುವುದು ಅವನ ಕೆಲಸ. ಒಂದೊಂದು ಓಣಿಗೆ ವಾರಕ್ಕೊಂದು ಸರದಿ. ಅವನ ಹೆಗಲ ಮೇಲಿನ ಕೀಲಿ ತಿರುವಿನಲ್ಲಿ ಕಂಡರೆ ಸಾಕು, ಹೆಂಗಸರು ಕೊಡದ ತಳದಲ್ಲಿ ಉಳಿದ ಹಳೆಯ ನೀರು ಚೆಲ್ಲಿ, ಹುಣಸೆಹಣ್ಣು ಹಚ್ಚಿ ತಿಕ್ಕಲು ಕೂರುತ್ತಿದ್ದರು. ಹದಿನೇಳು ವರ್ಷದಿಂದ ಹೀಗೆಯೇ. ಹದಿನೇಳು ವರ್ಷದಿಂದಲೂ ಅವನು ದಿನಗೂಲಿಯವನೇ.

ಎರಡು ಸಾವಿರದ ಆರನೆಯ ಇಸವಿಯ ಬೇಸಗೆಯಲ್ಲಿ ಪುರಸಭೆಗೆ ಪ್ರಣೀತಾ ಎಂಬ ಹೊಸ ಇಂಜಿನಿಯರು ಬಂದಳು. ಪೈಪು ಹಾಕಿದ ಕಾಲದ ನಕ್ಷೆಯಲ್ಲಿ ಆಮೇಲೆ ಬೆಳೆದ ಓಣಿಗಳಿರಲಿಲ್ಲ. ಹೊಸದೊಂದು ನಕ್ಷೆ ಬರೆಯುವುದು ಅವಳ ಪಾಲಿಗೆ ಬಂದಿತ್ತು.

"ಕಾಕಾ, ಧಾರವಾಡದಾಗ ನಾ ದಿನಾ ಮುಂಜಾನೆ ಓಡತಿದ್ದೆ. ಇಲ್ಲೆ ಬಂದು ಹದಿನೈದು ದಿನಾತು, ಇನ್ನೂ ಊರ ನೋಡಿಲ್ಲ. ಶುಕ್ರವಾರ ಯಾರ ಸರದಿನೂ ಇಲ್ಲಲಾ? ನೀವು ಮುಂದ ಓಡ್ರಿ, ನಾ ಹಿಂದ ಬರತೀನಿ. ಊರ ನೋಡಿದಂಗೂ ಆತು, ವಾಲ್ ಬರಕೊಂಡಂಗೂ ಆತು."

"ಆಗಲ್ರಿ ಬಾಯಾರ," ಎಂದ ಮಲಿಕಸಾಬ. ಆದರೆ ಎಲ್ಲೋ ಒಂದೂರಲ್ಲಿ ಹೀಗೇ ನಕ್ಷೆ ತಯಾರಾದ ಮರುತಿಂಗಳೇ ಹಳೆಯ ವಾಲ್‌ಮನ್‌ನನ್ನು ಮನೆಗೆ ಕಳಿಸಿದರಂತೆ ಎಂಬ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಅವನಿಗೆ ಹೊಲವಿಲ್ಲ, ಮಗ್ಗವಿಲ್ಲ, ನೇಮಕದ ಆರ್ಡರಿನ ಕಾಗದವೂ ಇಲ್ಲ. ಯಾವ ಕಲ್ಲಿನ ಕೆಳಗೆ ಯಾವ ವಾಲ್ ಇದೆ ಎಂಬ ತಿಳಿವಳಿಕೆಯೊಂದೇ ಅವನ ಅನ್ನ.

ಹೆಂಡತಿ ರಾಜಮಾ ಬುತ್ತಿ ಕಟ್ಟುತ್ತ ಹೇಳಿದಳು, "ತೋರಸ್ರಿ. ಆದ್ರ ಎಲ್ಲಾ ತೋರಸಬ್ಯಾಡ್ರಿ."

ಅವನದೂ ಅದೇ ಹಂಚಿಕೆ. ಜೋರಾಗಿ ಓಡಬೇಕು. ಆಫೀಸಿನ ಹುಡುಗಿ, ಎರಡು ಓಣಿ ದಾಟುವುದರೊಳಗೆ ಕೈಚೆಲ್ಲುತ್ತಾಳೆ.

ಶುಕ್ರವಾರ ಹೊತ್ತು ಮೂಡುವ ಮೊದಲೇ ಹೊರಟರು. ಜವಳಿ ಪೇಟೆಯ ಮುಚ್ಚಿದ ಅಂಗಡಿಗಳ ಮುಂದೆ, ಮಸೀದಿಯ ಬಗಲಿನ ಸಂದಿಯಲ್ಲಿ, ಕಲ್ಲು ಹಾಸಿದ ಏರಿನಲ್ಲಿ ಮಲಿಕಸಾಬ ಬಾಣದಂತೆ ನುಗ್ಗಿದ. ಹಿಂದೆ ಬೂಟಿನ ಸಪ್ಪಳ ಒಂದೇ ಲಯದಲ್ಲಿ ಬರುತ್ತಲೇ ಇತ್ತು. ವಾಲ್ ಇದ್ದಲ್ಲೆಲ್ಲ ಅವಳು ಕುಕ್ಕರಿಸಿ ಬರೆದುಕೊಳ್ಳುವಳು, ಮತ್ತೆ ಓಡುವಳು.

ನೇಕಾರ ಓಣಿಯಲ್ಲಿ ಮಗ್ಗಗಳ ಲಟಲಟ ಆಗಲೇ ಸುರುವಾಗಿತ್ತು. ಸುಮ್ಮನಿರಬೇಕೆಂದುಕೊಂಡರೂ ಊರು ತೋರಿಸುವ ಹುಮ್ಮಸ್ಸು ಅವನನ್ನು ಬಿಡಲಿಲ್ಲ. "ಇಲ್ಲೆ ಸಪ್ಪಳ ಒಮ್ಮಿಗೇ ನಿಂತ್ರ ನೀರು ಬಂದೇತಿ ಅಂತ ತಿಳೀರಿ. ಮಗ್ಗ ಬಿಟ್ಟು ಎಲ್ಲಾರೂ ನಳಕ್ಕ ಓಡತಾರ." ಏರಿನ ತುದಿಯಲ್ಲಿ ತಾನಾಗಿಯೇ ನಿಂತು ತಿರುಗಿ, ಮೊದಲ ಬಿಸಿಲಿಗೆ ತಾಮ್ರದಂತೆ ಹೊಳೆಯುತ್ತಿದ್ದ ಕೋಟೆಯ ಗೋಡೆ ತೋರಿಸಿದ. ಪ್ರಣೀತಾ ಸೊಂಟಕ್ಕೆ ಕೈಯಿಟ್ಟು ನೋಡಿದಳು. "ಹದಿನೈದು ದಿನ ಆಫೀಸಿನ ಗ್ವಾಡಿ ನೋಡಕೋತ ಕುಂತಿದ್ನೆಲಾ," ಎಂದಳು. ಅವಳ ಉಸಿರು ಹದವಾಗಿಯೇ ಇತ್ತು. ಏದುಸಿರು ಬಿಡುತ್ತಿದ್ದವನು ಅವನು.

ಹತ್ತೊಂಬತ್ತು ವಾಲ್ ತೋರಿಸಿದ. ನೇಕಾರ ಓಣಿಯ ಹಿಂದಿನ ಬಟ್ಟೆ ಒಗೆಯುವ ಕಲ್ಲನ್ನು ನೋಡದವನಂತೆ ದಾಟಿಬಿಟ್ಟ.

ಟ್ಯಾಂಕಿನ ಕಡೆ ಹೊರಳುವಾಗ ಅವನಿಗೆ ಏನೋ ಸರಿಯಿಲ್ಲವೆನಿಸಿತು. ಮಗ್ಗಗಳು ಸುಮ್ಮನಾಗಿದ್ದವು. ಗುಡ್ಡದ ಓಣಿಯ ತುಂಬ ಕೊಡಗಳ ಸಾಲು. ಗಟಾರಿನಲ್ಲಿ ಹುಣಸೆಯ ಕೆಂಪು ನೀರು ಹರಿಯುತ್ತಿತ್ತು.

ಸಾಲಿನ ಮೊದಲಿಗಿದ್ದ ಶಂಕ್ರವ್ವ ಸೆರಗು ಸಿಕ್ಕಿಸಿ ನಿಂತಿದ್ದಳು. "ಏನೋ ಮಲಿಕಸಾಬಣ್ಣ, ಎರಡು ಸುತ್ತು ಓಡಿದಿ, ನಳ ಇನ್ನೂ ಕೆಮ್ಮಾಕತ್ತಿಲ್ಲ."

"ಇವತ್ತ ಯಾರ ಸರದಿ ಐತಿ ಬೇ?"

"ಹೊಸಾ ಬಾಯಾರು ಶುಕ್ರವಾರನೂ ಬಿಡಸ್ತಾರಂತ ಊರೆಲ್ಲಾ ಸುದ್ದಿ ಐತಿ. ಅವರು ಬೆನ್ನ ಹತ್ತಿ ಓಡಿಸ್ಯಾಡಿದ್ದು ನಾವು ನೋಡಿಲ್ಲನು? ನಿನ್ನ ಕೀಲಿ ಕಂಡಕೂಡ್ಲೇ ಇದ್ದಬದ್ದ ನೀರೆಲ್ಲಾ ಚೆಲ್ಲೇವಿ. ಈಗ ಚಾಕ್ಕ ಸೈತ ಇಲ್ಲ."

ಮಲಿಕಸಾಬ ಹೆಗಲು ನೋಡಿಕೊಂಡ. ವಾಲಿನ ಮೇಲಿನ ಮುಚ್ಚಳ ಎತ್ತಿ ತೋರಿಸಲು ಸಣ್ಣದೊಂದು ಹಾರೆ ಸಾಕಿತ್ತು. ರೂಢಿಯ ಕೈ ಕೀಲಿಯನ್ನೇ ಹೊತ್ತುಕೊಂಡಿತ್ತು. ಅವಳನ್ನು ದಣಿಸಲೆಂದು ಊರ ತುಂಬ ಓಡಿದ್ದರಿಂದ ಓಣಿ ಓಣಿಯೂ ತನಗೇ ನೀರೆಂದು ತಿಳಿದಿತ್ತು.

"ಟ್ಯಾಂಕಿನ್ಯಾಗ ಎಷ್ಟ ಐತಿ ಕಾಕಾ?" ಪ್ರಣೀತಾ ಕೇಳಿದಳು.

"ಅರ್ಧಾ."

"ಎಲ್ಲಾರಿಗೂ ಒಂದೊಂದೀಟು ಬಿಡೂಣು. ಚೆಲ್ಲಿಸಿದವ್ರು ನಾವೇ ಅಲ್ಲೇನು?"

ಅದರ ತೊಡಕು ಅವನೊಬ್ಬನಿಗೇ ಗೊತ್ತಿತ್ತು. ಎಲ್ಲ ವಾಲ್ ಒಮ್ಮೆಗೇ ತೆರೆದರೆ ತಗ್ಗಿನ ಪೇಟೆಯೇ ನೀರೆಲ್ಲ ಎಳೆದುಕೊಳ್ಳುತ್ತದೆ, ಗುಡ್ಡದ ಓಣಿಗೆ ಬರಿಯ ಗಾಳಿ. ಒಗೆಯುವ ಕಲ್ಲಿನ ಕೆಳಗಿನ ವಾಲ್ ಅರ್ಧ ಮುಚ್ಚಿದರೆ ಮಾತ್ರ ನೀರು ಮೇಲೇರುವುದು. ಅದನ್ನು ಮುಚ್ಚಿದಷ್ಟೇ ಟ್ಯಾಂಕಿನ ದೊಡ್ಡ ವಾಲನ್ನೂ ಹದ ಮಾಡಬೇಕು, ಇಲ್ಲದಿದ್ದರೆ ಪೈಪಿನ ಕೂಡಿಕೆ ಕಿತ್ತುಹೋಗುತ್ತದೆ. ಇಲ್ಲಿ ಒಂದು ಸುತ್ತು, ಓಡಿಹೋಗಿ ಅಲ್ಲಿ ಒಂದು ಸುತ್ತು. ಹದಿನೇಳು ವರ್ಷ ಅವನು ಓಡಿದ್ದರ ಖರೇ ಕಾರಣ ಇದು. ಊರಿಗೆ ಗೊತ್ತಿರಲಿಲ್ಲ.

ಇವತ್ತು ಅವನ ಕಾಲಲ್ಲಿ ಜೀವವಿರಲಿಲ್ಲ. ಒಂದು ಹೆಜ್ಜೆ ಕಿತ್ತಿಟ್ಟರೆ ಮೊಣಕಾಲು ಕುಸಿಯಿತು. ಮೈಲಿಗಟ್ಟಲೆ ಓಡಿದ್ದು ತನ್ನನ್ನೇ ದಣಿಸಿತ್ತು. ಶಂಕ್ರವ್ವನ ಖಾಲಿ ಕೊಡದ ಬಾಯಿ ಅವನನ್ನೇ ನೋಡುತ್ತಿದ್ದಂತಿತ್ತು. ಈಗ ಬಾಯಿ ಬಿಟ್ಟರೆ ಅನ್ನ ಹೋದೀತು. ಬಿಡದಿದ್ದರೆ ಈ ಓಣಿ ಇವತ್ತು ಒಲೆ ಹೊತ್ತಿಸುವುದಿಲ್ಲ.

"ಬಾಯಾರ," ಎಂದ ನೆಲ ನೋಡುತ್ತ. "ನೇಕಾರ ಓಣಿ ಹಿಂದ ಒಗ್ಯಾಣದ ಕಲ್ಲ ಐತ್ರಿ. ಅದನ್ನ ಸರಿಸ್ರಿ. ಕೆಳಗ ಗಾಲಿಯಂಥಾ ಹಿಡಿ ಐತಿ, ಕೀಲಿ ಬೇಕಾಗಿಲ್ಲ. ನಾ ಇಲ್ಲೆ ಟ್ಯಾಂಕಿನ ಕಡೆ ಇರತೀನಿ. ನಾ ಹೇಳಿಕಳಸಿದಂಗ ಒಂದೊಂದ ಸುತ್ತ ತಿರಗಿಸ್ರಿ."

ಅವಳು ಅವನ ಮುಖವನ್ನೊಮ್ಮೆ ನೋಡಿ ಇಳಿಜಾರಿನಲ್ಲಿ ಓಡಿಹೋದಳು.

ಆ ಕಲ್ಲಿನಿಂದ ಟ್ಯಾಂಕಿನವರೆಗೆ ಕೊಡದ ಸಾಲು ಇದ್ದೇ ಇತ್ತು. ಮಾತು ಅದರ ಮೇಲೆಯೇ ಹರಿಯಿತು. "ಒಂದು ಸುತ್ತು ಆತಂತ." "ಎರಡನೇದು ಬಿಗಿ ಐತಂತ." "ಸಾವಕಾಶ ತಿರಗಸಂತ ಹೇಳ್ರೆ." ಹದಿನೇಳು ವರ್ಷದ ಗುಟ್ಟು ಒಂದು ಬಾಯಿಂದ ಇನ್ನೊಂದು ಬಾಯಿಗೆ ದಾಟುತ್ತ ಹೋಗುವುದನ್ನು ಕೇಳುತ್ತ, ಮಲಿಕಸಾಬ ಎರಡೂ ಕೈಯಿಂದ ಕೀಲಿಯನ್ನು ಕೂದಲೆಳೆಯಷ್ಟು ತಿರುಗಿಸಿದ. ಮಣ್ಣಿನೊಳಗೆ ಪೈಪು ಗುಡುಗಿತು. ಮೂರೂವರೆ ಸುತ್ತಿಗೆ ಶಂಕ್ರವ್ವನ ನಳ ಕೆಮ್ಮಿತು, ಗಾಳಿ ಉಗುಳಿತು, ಆಮೇಲೆ ಬೆರಳು ಗಾತ್ರದ ಧಾರೆ.

"ಬಂತ್ಲಾ. ಈ ಪುಣ್ಯಾತ್ಮ ಈಟು ದಿನಾ ಒಬ್ಬನೇ ಹ್ಯಾಂಗ ಮಾಡತಿದ್ದ ಬೇ?" ಎಂದಳು ಶಂಕ್ರವ್ವ ಯಾರಿಗೋ.

ಮನೆಗೆರಡು ಕೊಡದಂತೆ ಎಲ್ಲರಿಗೂ ಮುಟ್ಟುವ ಹೊತ್ತಿಗೆ ಬಿಸಿಲು ಬಲಿತಿತ್ತು. ಪ್ರಣೀತಾ ಮೊಣಕೈತನಕ ಕೆಸರು ಮಾಡಿಕೊಂಡು ಬಂದು ಟ್ಯಾಂಕಿನ ನೆರಳಲ್ಲಿ ಕುಳಿತಳು. ಅವನು ರಾಜಮಾ ಕಟ್ಟಿದ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಕೊಟ್ಟ.

"ಎಷ್ಟ ಸುತ್ತು ಅಂತ ಬರೀಲಿ ಕಾಕಾ?"

"ಇವತ್ತ ಮೂರೂವರಿ. ಟ್ಯಾಂಕ ತುಂಬಿತ್ತಂದ್ರ ಎರಡು. ಮಳಿಗಾಲದಾಗ ಬ್ಯಾರೆ, ಹಬ್ಬದಾಗ ಬ್ಯಾರೆ."

"ಅಂದ್ರ ಇದು ನಕ್ಷಾದಾಗ ಹಿಡಿಸೂದಲ್ಲ."

"ನನ್ನ ಕೈಗೆ ಗೊತ್ತಾಗತೈತ್ರಿ. ಬಾಯಿಗೆ ಹೇಳಾಕ ಬರಂಗಿಲ್ಲ."

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಹಂಗಾದ್ರ ಹಂಗೇ ಬರೀತೀನಿ. ಈ ಮನಶ್ಯಾ ಇಲ್ಲದ ಈ ನಕ್ಷಾ ನಡಿಯಂಗಿಲ್ಲ, ಇವರನ್ನ ಖಾಯಂ ಮಾಡ್ರಿ ಅಂತ. ಮ್ಯಾಲಿನವ್ರು ಕೇಳತಾರೋ ಇಲ್ಲೋ, ಅದನ್ನ ನಾ ಹೇಳಾಕ ಬರಂಗಿಲ್ಲ."

ಹದಿನೇಳು ವರ್ಷದಲ್ಲಿ ತನ್ನ ಬಗ್ಗೆ ಯಾರಾದರೂ ಕಾಗದದ ಮೇಲೆ ಏನಾದರೂ ಬರೆದದ್ದು ಮಲಿಕಸಾಬನಿಗೆ ನೆನಪಾಗಲಿಲ್ಲ. ಕೀಲಿಗೆ ಮೆತ್ತಿದ ಮಣ್ಣನ್ನು ಹೆಬ್ಬೆರಳಿನಿಂದ ಕೆರೆದ.

"ಬಾಯಾರ, ಇನ್ನೊಂದ ಮಾತ್ರಿ. ಮುಂಜಾನೆ ಮತ್ತೆರಡು ವಾಲ್ ತೋರಿಸಿಲ್ಲ ನಾ."

"ಗೊತ್ತೈತಿ," ಎಂದಳು ಪ್ರಣೀತಾ. "ಎರಡು ಕಡೆ ನೀವು ಸುಮ್‌ಸುಮ್ನ ಭಾಳ ಜೋರ ಓಡಿದ್ರಿ."

ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಮೊಣಕಾಲೂ ನೋಯುತ್ತಿತ್ತು.

"ನಾಳೆ ತೋರಸ್ತೀನ್ರಿ. ನಡಕೋತ ಹೋಗೂಣು."