ಎರಡು ಬ್ರೇಕಿನ ಕಾರು

ಕ್ಲಚ್ ಮೇಡಂಗೆ ಕೋಪ ಮೂಗಿನ ತುದಿಯಲ್ಲಿತ್ತು ಎಂದರೆ ಅದು ಅವರಿಗೆ ಮಾಡಿದ ಉಪಕಾರ. ಮೂಗಿನ ತುದಿಯಲ್ಲಿದ್ದದ್ದು ಕನ್ನಡಕ. ಕೋಪ ಮೈತುಂಬ ಇತ್ತು. ಕಾರು ಕಲಿಯಲು ಬಂದವರು ಗೇರು ಕಿರುಗುಟ್ಟಿಸಿದರೆ ಸಾಕು, "ಕ್ಲಚ್ಚು! ಕ್ಲಚ್ಚು ಒತ್ತಪ್ಪಾ! ಗೇರ್‌ಬಾಕ್ಸ್ ಏನು ನಿಮ್ಮ ಮಾವ ಕೊಡಿಸಿದ್ದಾ?" ಎಂದು ಅವರು ಕೂಗುವ ಕೂಗಿಗೆ ಸಿಗ್ನಲ್ಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುತ್ತಿದ್ದರು. ಹೆಸರು ಬಂದದ್ದು ಹಾಗೆ. ಅವರ ಯಜಮಾನರದು ಬೇರೆ ಜಾತಿಯ ಕೋಪ. ಮಾತಿಲ್ಲ, ಕತೆಯಿಲ್ಲ, ಕಾಲು ಮಾತ್ರ. ಕಲಿಯುವವನು ತಪ್ಪು ಮಾಡುವ ಮೊದಲೇ ಪಕ್ಕದ ಸೀಟಿನಲ್ಲಿ ಕಲಿಸುವವರಿಗೆಂದೇ ಇರುವ ಎರಡನೇ ಬ್ರೇಕು ಒತ್ತಿ, ಅವನ ಹಣೆ ಸ್ಟೇರಿಂಗಿಗೆ ಬಡಿಯುವಂತೆ ಮಾಡಿ, ಏನೂ ಆಗದವರಂತೆ ಕಿಟಕಿಯಾಚೆ ನೋಡುತ್ತಿದ್ದರು. ಅವರು ಬ್ರೇಕ್ ಸಾರ್.

ಇಬ್ಬರದೂ ಸೇರಿ ಒಂದೇ ಡ್ರೈವಿಂಗ್ ಸ್ಕೂಲು, ಒಂದೇ ಕಾರು. ಕೆಳಗೆ ಉದ್ದನೆಯ ಇಕ್ಕಟ್ಟು ಕೋಣೆ. ಗೋಡೆಯ ಮೇಲೆ ಬಣ್ಣ ಮಾಸಿದ ಸಂಚಾರ ಚಿಹ್ನೆಗಳು, ನಡುವೆ ನಾಲ್ಕು ದಾರಿ ಕೂಡುವ ವೃತ್ತವನ್ನು ಬಣ್ಣದಲ್ಲಿ ಬರೆದ ಮೇಜು, ಅದರ ಮೇಲೆ ಚಕ್ರ ಕಿತ್ತುಹೋದ ಆಟದ ಕಾರುಗಳು. ಯಾರು ಮೊದಲು ಹೋಗಬೇಕು, ಯಾರು ಬಿಟ್ಟುಕೊಡಬೇಕು ಎಂದು ಊರಿಗೆಲ್ಲ ಪಾಠ ಹೇಳುವ ಮೇಜು ಅದು. ಮೇಲಿನ ಮಹಡಿಯಲ್ಲಿ ಅವರ ಮನೆ. ಅಲ್ಲಿ ಯಾರೂ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎನ್ನುತ್ತಾರೆ. ಇವರು ಉಣ್ಣುವುದೂ ಬೇರೆ, ಮಲಗುವುದೂ ಬೇರೆ. ಹಾಗಾಗಿ ಜಗಳಕ್ಕೆ ಮುಗಿಯುವ ಜಾಗವೇ ಸಿಕ್ಕಿರಲಿಲ್ಲ. ನೇರವಾಗಿ ಮಾತಾಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ಏನಾದರೂ ಹೇಳಲೇಬೇಕಾದರೆ ಗೋಡೆಯ ಕಡೆ ತಿರುಗಿ "ಕೆಲವರು" ಎಂದು ಶುರು ಮಾಡುತ್ತಿದ್ದರು. "ಕೆಲವರು ನಲ್ಲಿ ನಿಲ್ಲಿಸದೆ ಹೋಗ್ತಾರೆ." "ಕೆಲವರಿಗೆ ಕಣ್ಣು ಕಾಣಲ್ಲ, ಬಾಯಿ ಮಾತ್ರ ಜೋರು." ಆ ಮನೆಯ ಗೋಡೆಗಳಿಗೆ ಬಾಯಿ ಬಂದಿದ್ದರೆ, ಬೈಸಿಕೊಂಡು ಸಾಕಾಗಿ, ಮೊದಲು ಕ್ಷಮೆ ಕೇಳುತ್ತಿದ್ದವು.

ಇದೆಲ್ಲ ಶುರುವಾದದ್ದು ಮಗಳಿಂದ. ಅಲ್ಲ, ಮಗಳಿಂದಲ್ಲ, ಮಗಳ ಹೆಸರಿನಲ್ಲಿ. ಅವಳಿಗೆ ಕಾರು ಕಲಿಸಲು ಇಬ್ಬರೂ ಒಟ್ಟಿಗೇ ಹೊರಟಿದ್ದರು. ಮಗಳು ಸ್ಟೇರಿಂಗಿನಲ್ಲಿ, ಸಾರ್ ಪಕ್ಕದಲ್ಲಿ, ಮೇಡಂ ಹಿಂದೆ. ಮುಂದೆ ಒಂದು ಟ್ರ್ಯಾಕ್ಟರು ಅಡ್ಡಾದಿಡ್ಡಿ ಹೋಗುತ್ತಿತ್ತು. "ದಾಟಿಕೊಂಡು ಹೋಗು, ದಾರಿ ಖಾಲಿ ಇದೆ" ಎಂದರು ಮೇಡಂ. "ಬೇಡ" ಎಂದರು ಸಾರ್. "ಹೋಗು ಅಂದೆ!" ಮಗಳು ಹೊರಟಳು. ಸಾರ್ ಬ್ರೇಕು ಒತ್ತಿದರು. ಹಿಂದಿನಿಂದ ಲಾರಿ ಗುದ್ದಿತು. ಮಗಳ ಭುಜದ ಮೂಳೆ ಮುರಿಯಿತು. ಒತ್ತಿದ್ದು ದಾರಿ ನೋಡಿ ಅಲ್ಲ, ನನ್ನ ಮೇಲಿನ ಸಿಟ್ಟಿಗೆ ಎಂದು ಮೇಡಂ ಅಂದೂ ಹೇಳಿದರು, ಇಂದೂ ಹೇಳುತ್ತಾರೆ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಏನೂ ಆಗುತ್ತಿರಲಿಲ್ಲ ಎಂಬುದು ಸಾರ್ ವಾದ. ಮಗಳು ಮಾತ್ರ ಮತ್ತೆಂದೂ ಸ್ಟೇರಿಂಗ್ ಮುಟ್ಟಲಿಲ್ಲ. ದೂರದ ನಗರದಲ್ಲಿ ಕೆಲಸ ಹಿಡಿದಳು, ಅಲ್ಲೇ ಮದುವೆಯಾದಳು, ಅಪ್ಪನಿಗೊಂದು ಫೋನು ಅಮ್ಮನಿಗೊಂದು ಫೋನು ಮಾಡಿ ಮುಗಿಸುತ್ತಿದ್ದಳು. ಮನೆಗೆ ಬನ್ನಿ ಎಂದು ಒಮ್ಮೆಯೂ ಕರೆದಿರಲಿಲ್ಲ. ಮಗು ಹುಟ್ಟಿದಾಗಲೂ ಕರೆಯಲಿಲ್ಲ.

ಆದ್ದರಿಂದ ಆ ದಿನ ಅವಳು ಫೋನು ಮಾಡಿ "ಅಮ್ಮ, ಸ್ಪೀಕರ್ ಹಾಕು, ಅಪ್ಪಾನೂ ಕೇಳ್ಲಿ" ಎಂದಾಗ ಮೇಡಂ ಎರಡು ಸಲ ತಪ್ಪು ಗುಂಡಿ ಒತ್ತಿದರು.

"ಪಾಪು ಕೂತ್ಕೊಳ್ಳೋಕೆ ಶುರು ಮಾಡಿದೆ" ಎಂದಳು ಮಗಳು. "ನೋಡ್ಬೇಕು ಅಂತಿದ್ರೆ ಈ ಭಾನುವಾರ ಬನ್ನಿ. ಇಬ್ರೂ ಒಂದೇ ಕಾರಲ್ಲಿ ಬರ್ಬೇಕು. ಒಬ್ಬೊಬ್ರೇ ಬಸ್ಸಲ್ಲಿ ಬಂದು ಇನ್ನೊಬ್ರ ಮೇಲೆ ಚಾಡಿ ಹೇಳೋದು ಬೇಡ. ಬೆಳಿಗ್ಗೆ ಹೊರಟ್ರೆ ಸಂಜೆ ಒಳಗೆ ಸೇರ್ಬಹುದು. ದಾರೀಲಿ ಜಗಳ ಆಯ್ತೋ, ಅಲ್ಲಿಂದಾನೇ ವಾಪಸ್ ಹೋಗಿ. ನಾನು ಬಾಗಿಲು ತೆಗೆಯಲ್ಲ. ತೆಗೆಯಲ್ಲ ಅಂದ್ರೆ ತೆಗೆಯಲ್ಲ, ನಾನು ನಿಮ್ಮಿಬ್ರ ಮಗಳೇ."

ಇಬ್ಬರೂ ಫೋನಿನ ಕಡೆ ಇನ್ನಷ್ಟು ಬಗ್ಗಿದರು.

"ಇನ್ನೊಂದು. ಆ 'ಕೆಲವರು' ಅನ್ನೋ ಮಾತು ನನ್ನ ಮಗು ಕಿವಿಗೆ ಬೀಳಬಾರ್ದು."

ಪ್ರಯಾಣದ ಏರ್ಪಾಡು ಕೆಳಗಿನ ಮೇಜಿನ ಮೇಲೆ ಶುರುವಾಯಿತು. ಸಾರ್ ಸೀಮೆಸುಣ್ಣದಿಂದ ಮೇಜಿನ ಈ ತುದಿಯಿಂದ ಆ ತುದಿಗೆ ಗೆರೆ ಎಳೆದರು. ಹೆದ್ದಾರಿ. ಮೇಡಂ ಅದನ್ನು ಸೆರಗಿನಿಂದ ಒರೆಸಿ ಸೊಟ್ಟದೊಂದು ಗೆರೆ ಎಳೆದರು. ಹಳೆಯ ರಸ್ತೆ, ಊರುಗಳ ನಡುವೆ ಹೋಗುವಂಥದ್ದು.

"ಕೆಲವರಿಗೆ ಬೈಪಾಸ್ ಅಂದ್ರೆ ಏನು ಅಂತ ಗೊತ್ತಿಲ್ಲ" ಎಂದರು ಸಾರ್, ನಿಲುಗಡೆ ನಿಷೇಧದ ಚಿಹ್ನೆಯನ್ನು ನೋಡುತ್ತ.

"ಕೆಲವರಿಗೆ ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ಇಳೀಬೇಕು, ಕಾರಿಗಲ್ಲ, ಅವರಿಗೆ" ಎಂದರು ಮೇಡಂ. "ಬೈಪಾಸಲ್ಲಿ ಪೊದೆ ಹುಡುಕ್ತಾ ನಿಂತ್ರೆ ಮಗು ಶಾಲೆಗೆ ಹೋಗೋ ವಯಸ್ಸಿಗೆ ಮುಟ್ತೀವಿ."

ಹೀಗೆ ವಾರವಿಡೀ. ಬೆಳಕು ಹರಿಯುವ ಮೊದಲು ಹೊರಡಬೇಕೋ, ಹರಿದ ಮೇಲೋ. ಬುತ್ತಿಗೆ ಬ್ರೆಡ್ಡೋ, ಬೇಯಿಸಿದ ಮೊಟ್ಟೆಯೋ. ಮೊಟ್ಟೆ ಕಾರಲ್ಲಿ ನಾರುತ್ತದೆ, ಬ್ರೆಡ್ಡು ಕೆಲವರ ಹಲ್ಲಿಗಷ್ಟೇ ಹಿಡಿಸುತ್ತದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುದು ಇಬ್ಬರ ಹಟವೂ ಹೌದು. ನಡುನಡುವೆ ಕಲಿಯಲು ಬಂದವರು ಬಾಗಿಲಲ್ಲಿ ನಿಂತು, ಒಳಗಿನ ಗಾಳಿಯ ಬಿಸಿ ನೋಡಿ, ನಾಳೆ ಬರ್ತೀವಿ ಎಂದು ಜಾರಿಕೊಂಡರು. ಆದರೂ ಒಂದು ವಿಷಯ ಒಪ್ಪಬೇಕು. ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಇಷ್ಟು ಮಾತಾಡಿದ್ದೇ ಇಲ್ಲ. ದಾರಿ ಕೊನೆಗೆ ಅರ್ಧ ಹೊಸದು, ಅರ್ಧ ಹಳೆಯದು ಎಂದಾಯಿತು. ಅದೂ ಸೋತವರು ಯಾರೆಂದು ತೀರ್ಮಾನವಾಗದ ಕಾರಣಕ್ಕೆ.

ಎಲ್ಲ ಮುಗಿದು ಉಳಿದದ್ದು ಒಂದೇ ಪ್ರಶ್ನೆ. ಓಡಿಸುವವರು ಯಾರು?

"ಕೆಲವರೇ ಓಡಿಸ್ಲಿ" ಎಂದರು ಸಾರ್.

"ಅಯ್ಯೋ, ಕೆಲವರು ಗಂಡಸರಲ್ವಾ, ಅವರೇ ಓಡಿಸ್ಲಿ" ಎಂದರು ಮೇಡಂ.

ಬೇರೆ ಮನೆಗಳಲ್ಲಿ ಸ್ಟೇರಿಂಗು ನನಗೆ ಬೇಕು ಎಂದು ಜಗಳ. ಇಲ್ಲಿ ನನಗೆ ಬೇಡ ಎಂದು. ಸಾರ್ ಮಹಡಿ ಹತ್ತಿ ಹೋದ ಮೇಲೆ ಮೇಡಂ ಆಟದ ಕಾರೊಂದನ್ನು ಬೆರಳಲ್ಲಿ ಆಡಿಸುತ್ತ ಕೂತರು. ಆಗ ಅವರಿಗೆ ಹೊಳೆಯಿತು. ಇಬ್ಬರಿಗೂ ಬೇಕಾದದ್ದು ಪಕ್ಕದ ಸೀಟು. ಇಷ್ಟು ಕಾಲ ಸ್ಟೇರಿಂಗು ಹಿಡಿದವರೆಲ್ಲ ಕಲಿಯುವವರು, ತಾವಿಬ್ಬರೂ ಕೂತದ್ದು ಅವರ ಪಕ್ಕದಲ್ಲಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು. ಹೆದ್ದಾರಿಯಲ್ಲಿ ದಿನಪೂರ್ತಿ ತಾನೇ ಓಡಿಸಿದ್ದು ಯಾವಾಗ ಎಂದು ನೆನಪಿಗೇ ಬರಲಿಲ್ಲ. ಅವರಿಗೆ ಭಯವಾಯಿತು. ಓಡಿಸುವುದಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ಆ ಮನುಷ್ಯ, ಅವನ ಕಾಲ ಕೆಳಗೆ ಆ ಬ್ರೇಕು, ಬೆಳಗಿನಿಂದ ಸಂಜೆಯ ತನಕ. ಎಲ್ಲೋ ಒಂದು ಕಡೆ ಅವನು ಒತ್ತುತ್ತಾನೆ, ಎಲ್ಲೋ ಒಂದು ಕಡೆ ತಾನು ಕಿರುಚುತ್ತೇನೆ, ಮಗುವಿನ ಮುಖ ನೋಡುವುದು ಅಲ್ಲಿಗೆ ಮುಗಿಯಿತು.

ಶನಿವಾರ ಸಂಜೆ ಪಾಠಗಳು ಮುಗಿದ ಕೂಡಲೇ ಮೇಡಂ ಕಾರನ್ನು ಗ್ಯಾರೇಜಿಗೆ ಒಯ್ದರು.

"ಪಕ್ಕದ ಬ್ರೇಕ್ ಕಿತ್ತುಹಾಕು."

ಗ್ಯಾರೇಜಿನವ ಕೈ ಒರೆಸಿಕೊಂಡ. "ಅಕ್ಕಾ, ಸಾರ್‌ಗೆ ಗೊತ್ತಾ?"

"ನಿಂಗೆ ಯಾರು ಅಕ್ಕ?"

"ನೀವೇ."

"ಹಂಗಾದ್ರೆ ಕೀಳು. ವಾಪಸ್ ಬಂದ್ಮೇಲೆ ಹಾಕ್ಕೊಡುವಂತೆ."

ಕಾರು ಮನೆ ಮುಂದೆ ನಿಂತಾಗ ಸಾರ್ ಗಾಳಿ, ನೀರು, ಎಣ್ಣೆ ನೋಡಲು ಇಳಿದು ಬಂದರು. ಅಭ್ಯಾಸಬಲದಿಂದ ಪಕ್ಕದ ಸೀಟಿಗೆ ಹೋಗಿ ಕೂತರು. ಕಾಲು ಚಾಚಿದರು. ಕಾಲಿಗೆ ಏನೂ ಸಿಗಲಿಲ್ಲ. ಬಗ್ಗಿ ನೋಡಿದವರ ಮುಖ ಕೆಂಪೇರಿತು.

"ಕೆಲವರಿಗೆ ತಲೆ ಕೆಟ್ಟಿದೆ! ಇದು ನನ್ನ ಕಾಲು ಕತ್ತರಿಸಿದ ಹಾಗೆ!"

"ಕೆಲವರು ಅದೇ ಕಾಲಲ್ಲಿ ಮಗಳ ಮೂಳೆ ಮುರಿದ್ರು" ಎಂದರು ಮೇಡಂ.

ಸಾರ್ ಇಳಿದು ಬಾಗಿಲು ಬಡಿದರು. "ಬ್ರೇಕ್ ಇಲ್ಲದ ಕಾರಲ್ಲಿ ನಾನು ಬರಲ್ಲ. ಹೋಗ್ಲಿ ಒಬ್ಬರೇ, ಬಾಗಿಲು ತೆಗೀತಾಳಾ ನೋಡೋಣ."

ಅವರು ಬರದಿದ್ದರೆ ಮೇಡಂಗೂ ಮಗು ಇಲ್ಲ. ಹೋಗಿ ಬ್ರೇಕು ಹಾಕಿಸಿಕೊಂಡು ಬರುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು. ಹಾಕಿಸಿದರೂ ಮಗು ಇಲ್ಲ ಎಂದು ಅವರಿಗೆ ಖಾತ್ರಿಯಿತ್ತು.

ಬೆಳಗಿನ ಜಾವ ಕೆಳಗಿಳಿದು ನೋಡಿದರೆ ಸಾರ್ ಕಾರಿನ ಹತ್ತಿರ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಹೊಸದಾಗಿ ಬಳಿದ ಕಪ್ಪು ಬಣ್ಣ, ಅದರಲ್ಲಿ ಸ್ವಲ್ಪ ಕಿವಿಗೂ ಅಂಟಿತ್ತು. ಇಬ್ಬರೂ ನೇರ ಪಕ್ಕದ ಸೀಟಿನ ಬಾಗಿಲಿಗೇ ಹೋದರು. ಒಂದೇ ಹಿಡಿಯ ಮೇಲೆ ಎರಡು ಕೈ. ಬೀದಿಯಲ್ಲಿ ಹಾಲು ಹಾಕುವವನು ಸೈಕಲ್ಲು ನಿಲ್ಲಿಸಿ ನೋಡಿದ. ಮೇಡಂ ಕೈ ಕಿತ್ತುಕೊಂಡು, ಹಲ್ಲು ಕಚ್ಚಿ, ಸುತ್ತಿ ಬಂದು ಸ್ಟೇರಿಂಗಿನ ಹಿಂದೆ ಕೂತರು.

ದಾರಿಯಲ್ಲಿ ಜಗಳವಾಗಲಿಲ್ಲ. ಇಷ್ಟು ಬರೆದರೆ ಸುಲಭವಾಗಿ ಓದಿಬಿಡುತ್ತೀರಿ. ಅಲ್ಲಿ ಕೂತವರಿಗೆ ಗೊತ್ತು. ಮುಂದೆ ಲಾರಿ ಕಂಡರೆ ಸಾರ್ ಕಾಲು ಬರಿಯ ನೆಲಕ್ಕೆ ದಬ್ ಎಂದು ಬೀಳುತ್ತಿತ್ತು. ಬಸ್ಸು ಕಂಡರೆ ದಬ್. ತಿರುವಿನಲ್ಲಿ ದಬ್. ನಾಯಿ ಹೊಲದಲ್ಲಿ ಮಲಗಿದ್ದರೂ ದಬ್. ಪ್ರತಿ ದಬ್ಬಿಗೂ ಮೇಡಂ ಗಂಟಲಿಗೆ ಒಂದೊಂದು ಬೈಗುಳ ಬಂದು, ಅಲ್ಲೇ ಸಾಲಾಗಿ ನಿಂತಿತು. ಹಳೆಯ ರಸ್ತೆ ಹೊಸ ರಸ್ತೆಯನ್ನು ಸೇರುವಲ್ಲಿ ಒಂದು ಹೋಟೆಲಿತ್ತು. ಬೇರೆ ಬೇರೆ ಮೇಜಿನಲ್ಲಿ ಚಹಾ ಕುಡಿದರು. ಅಲ್ಲಿಂದ ಸಾರ್ ಓಡಿಸಿದರು. ಆ ಊರು ದಾಟುವ ಮೊದಲೇ ಒಂದು ಟೆಂಪೊ ಅಡ್ಡ ನುಗ್ಗಿತು. ದಬ್ ಎಂಬ ಸದ್ದು ಕೇಳಿತು. ಈ ಸಲ ಕಾಲು ಮೇಡಂದು. ಸಾರ್ ತಿರುಗಲಿಲ್ಲ, ಮೀಸೆಯಡಿಯಲ್ಲಿ ಒಂದು ಸಣ್ಣ ನಗು ಬಂದು ಹೋಯಿತು. ಆ ನಗುವಿಗೆ ಅವರನ್ನು ಕಾರಿನಿಂದ ತಳ್ಳಬೇಕು ಅನಿಸಿತು ಮೇಡಂಗೆ. ತಳ್ಳಲಿಲ್ಲ. ಮಗು ಕೂತುಕೊಳ್ಳುತ್ತದಂತೆ ಎಂದು ಮನಸ್ಸಿನಲ್ಲೇ ಹೇಳಿಕೊಂಡರು. ಕೂತುಕೊಳ್ಳುತ್ತದಂತೆ.

ಬಿಸಿಲು ಇಳಿಯುವ ಹೊತ್ತಿಗೆ ಕಾರು ಮಗಳ ಮನೆ ಮುಂದೆ ನಿಂತಿತು. ಮಗಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಮೆಟ್ಟಿಲಿಳಿದು ಬಂದಳು. ಇಬ್ಬರ ಮುಖವನ್ನೂ ಪೊಲೀಸಿನವರ ಹಾಗೆ ನೋಡಿದಳು. ಆಮೇಲೆ ಮೇಡಂ ಇಳಿದು ಬಂದ ಬಾಗಿಲಿನಿಂದ ಒಳಗೆ ಬಗ್ಗಿದಳು. ಬರಿಯ ನೆಲ ಕಂಡಿತು. ಅವಳ ಕೈ ತಾನಾಗಿ ಭುಜದ ಮೂಳೆಗೆ ಹೋಯಿತು.

"ಬ್ರೇಕ್ ಎಲ್ಲಿ?" ಎಂದಳು. ಅವಳ ದನಿ ಬದಲಾಗಿತ್ತು. "ಯಾರು ತೆಗೆಸಿದ್ದು?"

"ನಾನು" ಎಂದರು ಮೇಡಂ.

"ನಾನು" ಎಂದರು ಸಾರ್, ಅದೇ ಉಸಿರಿನಲ್ಲಿ.

ಮೇಡಂ ತಿರುಗಿದರು. ದಾರಿಯುದ್ದಕ್ಕೂ ಗಂಟಲಲ್ಲಿ ಸಾಲು ನಿಂತಿದ್ದದ್ದೆಲ್ಲ ಒಟ್ಟಿಗೆ ಹೊರಬಿತ್ತು. "ನಾಚಿಕೆ ಇದ್ಯಾ ಕೆಲವರಿಗೆ! ಸುಳ್ಳು ಹೇಳೋ ಬಾಯಿಗೆ..."

ಮಗಳ ಮುಖ ಬಿಗಿಯಿತು. ಮಗುವನ್ನು ಭುಜಕ್ಕೆ ಹಾಕಿಕೊಂಡು ಮೆಟ್ಟಿಲ ಕಡೆ ನಡೆದಳು. ಅವಳ ಭುಜದ ಮೇಲಿನಿಂದ ಮಗು ಈ ಇಬ್ಬರನ್ನೂ ನೋಡುತ್ತಿತ್ತು. ದುಂಡನೆಯ ಮುಖ, ಎರಡೇ ಹಲ್ಲು, ಬಾಯಿಯ ಅಂಚಿನಲ್ಲಿ ಜೊಲ್ಲು. ಒಂದು ಮೆಟ್ಟಿಲು. ಇನ್ನೊಂದು. ಮೇಡಂ ಕಾಲು ಬ್ರೇಕು ಒತ್ತುವ ಹಾಗೆ ರಸ್ತೆಯ ಮೇಲೆ ಬಲವಾಗಿ ಊರಿಕೊಂಡಿತು, ಯಾವುದೂ ನಿಲ್ಲಲಿಲ್ಲ.

"ನಿಮ್ಮಪ್ಪಾನೇ ಕಣೆ!" ಎಂದು ಕೂಗಿದರು. "ಅವರೇ ತೆಗೆಸಿದ್ದು. ನಾನೇ ಬೇಡ ಅಂದಿದ್ದೆ."

ಮಗಳು ನಿಂತಳು.

ಸಾರ್ ಬಾಯಿ ಬಿಟ್ಟರು. ಈಗಲಾದರೂ ಈ ಮನುಷ್ಯ ನಿಜ ಹೇಳುತ್ತಾನೆ ಎಂದು ಮೇಡಂ ಒಂದು ಕ್ಷಣ ಕಾದರು.

"ಹೂಂ" ಎಂದರು ಸಾರ್. "ಎಷ್ಟು ಹೇಳಿದ್ರೂ ನಿಮ್ಮಮ್ಮ ಕೇಳ್ಲೇ ಇಲ್ಲ. ನಾನೇ ಹಟ ಹಿಡಿದು ತೆಗೆಸಿದೆ."

ಮಗಳು ಇಳಿದು ಬಂದಳು. ಅಪ್ಪನ ಎದೆಗೆ ಹಣೆ ಒತ್ತಿ ನಿಂತಳು. ಭುಜ ಮುರಿದ ದಿನದಿಂದ ಅವಳು ಅವರನ್ನು ಮುಟ್ಟಿರಲಿಲ್ಲ. ಆಮೇಲೆ ಮಗುವನ್ನು ಅವರ ಕೈಗೆ ಕೊಟ್ಟಳು. ಮೊದಲು ಅವರ ಕೈಗೆ. ಸಾರ್ ಕಣ್ಣಿಂದ ನೀರಿಳಿಯಿತು, ಕೆನ್ನೆ ಒರೆಸಿಕೊಂಡ ಕೈ ಕಿವಿಯ ಕಪ್ಪನ್ನೂ ಮುಖಕ್ಕೆ ಹಚ್ಚಿತು. ಮೇಡಂ ಎರಡೂ ಕೈ ಚಾಚಿಕೊಂಡು ತಮ್ಮ ಸರದಿಗೆ ನಿಂತರು. ಮೈಯೆಲ್ಲ ಉರಿಯುತ್ತಿತ್ತು. ಬಾಯಿ ಬಿಡಲಿಲ್ಲ.

ಸಾರ್ ಬಹಳ ಹೊತ್ತು ಕೊಡಲೇ ಇಲ್ಲ. ಕೊನೆಗೆ ಕೊಟ್ಟರು. ಮಗು ಬೆಚ್ಚಗಿತ್ತು, ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು, ಬಂದ ಕೂಡಲೇ ಮೇಡಂ ಕನ್ನಡಕಕ್ಕೆ ಕೈ ಹಾಕಿತು. ಮೇಡಂ ಅದರ ಕಿವಿಗೆ ಬಾಯಿ ತಂದು, ಯಾರಿಗೂ ಕೇಳದ ಹಾಗೆ ಪಿಸುಗುಟ್ಟಿದರು.

"ಕೆಲವರಿದ್ದಾರೆ, ಕಂದಾ. ವಾಪಸ್ ಹೋಗೋ ದಾರಿ ಇನ್ನೂ ಇದೆ."