ಅವಳು ಕೂತರೆ ನಿಲ್ಲುತ್ತಿದ್ದ ಹಾಡು

೧೯೯೩ರಲ್ಲಿ, ಒಂಬತ್ತನೆಯ ಇಯತ್ತೆಯ ನಡುವೆ, ನಾನು ಶಾಲೆ ಬಿಟ್ಟೆ. ಹಾವೇರಿಯ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಸುಗೆ ಕಲಿತು, ದುಡಿದು, ರಾಣೆಬೆನ್ನೂರಿನಲ್ಲಿ ನನ್ನದೇ ಬೋರ್ಡು ಹಾಕಿದೆ. ಬೈಕಿಗೆ ಪ್ಲೇಯರು, ಸ್ಪೀಕರು ಕೂಡಿಸುವುದು ನನ್ನ ಕೆಲಸ. ನನ್ನ ಕೈಯಿಂದ ಹೋದ ಗಾಡಿ ರಿಪೇರಿಗೆ ತಿರುಗಿ ಬಂದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ, ಒಂದನ್ನು ಬಿಟ್ಟು. ಆ ಒಂದು ನನ್ನದೇ ಗಾಡಿ.

೨೦೦೭ರಲ್ಲಿ ಮದುವೆಯಾಯಿತು. ಹೆಂಡತಿಯ ತವರು ಬ್ಯಾಡಗಿ. ಮೊದಲ ಸಲ ಅವಳನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು, ಹಾಡು ಹಚ್ಚಿ ಅಲ್ಲಿಗೆ ಹೊರಟಾಗ ಹಾಡು ಪಟ್ಟನೆ ನಿಂತಿತು. ಮೋಟೆಬೆನ್ನೂರಿನಲ್ಲಿ ನೀರು ಕುಡಿಯಲು ಇಳಿದಳು, ಹಾಡು ಬಂತು. ಹತ್ತಿದಳು, ಹೋಯಿತು. ಒಣಹಾಕಿದ ಮೆಣಸಿನಕಾಯಿಯ ಕೆಂಪು ಬಯಲುಗಳನ್ನು ಬರೀ ಗಾಳಿಯ ಸದ್ದಿನಲ್ಲಿ ದಾಟಿದೆವು.

“ನಾ ಕುಂತ ಕೂಡ್ಲೆ ಬಂದ್ ಮಾಡ್ತೀರಲ್ರಿ. ನನ್ನ ಕರಕೊಂಡು ಹೋಗೂದು ಮಂದಿ ನೋಡ್ತಾರಂತ ನಾಚಿಕೆ ಏನ್ರಿ?”

“ನಾ ಯಾಕ ಬಂದ್ ಮಾಡ್ಲಿ? ತಾನ ಆಗತೈತಿ.”

“ಊರ ಮಂದಿ ಗಾಡಿ ಎಲ್ಲಾ ಹಾಡಸ್ತೀರಿ, ನಿಮ್ಮದಷ್ಟ ತಾನ ಬಂದ್ ಆಗತೈತಿ? ಮುಂದಿನ ಸಲ ನಾ ಬಸ್ಸಿಗೆ ಹೋಗ್ತೇನಿ.”

ಹೇಳಿದಂತೆಯೇ ಬಸ್ಸು ಹತ್ತಿದಳು. ನಾನು ಬೈಕಿನಲ್ಲಿ ಆ ಬಸ್ಸಿನ ಹಿಂದೆಯೇ ಹೊರಟೆ. ಹಾಡು ಒಮ್ಮೆಯೂ ತಡವರಿಸಲಿಲ್ಲ. ಗೋವಿನಜೋಳದ ಹೊಲಗಳ ಮೇಲೆ ಸಂಜೆಯ ಬಿಸಿಲು ನೀರಿನಂತೆ ನಿಂತಿತ್ತು. ಬಸ್ಸಿನ ಕಿಟಕಿಯಾಚೆ ಒಂದು ಸೆರಗು ಹಾರುತ್ತಿತ್ತು, ಅವಳದೋ ಅಲ್ಲವೋ. ಇಬ್ಬರಿಗೆಂದು ಕೂಡಿಸಿದ ಹಾಡು ಒಬ್ಬನಿಗೇ ಕೇಳಿಸುತ್ತಿತ್ತು. ರಸ್ತೆ ಮುಗಿಯುವುದೇ ಬೇಡ ಅನ್ನಿಸಿತು, ಲಗೂನೆ ಮುಗಿಯಲಿ ಅಂತಲೂ ಅನ್ನಿಸಿತು.

ಅವಳು ತವರಿನಿಂದ ಬಂದ ಮೇಲೂ ನನ್ನ ಗಾಡಿಯ ಕಡೆ ನೋಡಲಿಲ್ಲ. ಫ್ಯೂಸು ಬದಲಿಸಿದೆ. ಸ್ಪೀಕರು ಬದಲಿಸಿದೆ. ಹಿಂದೆ ಭಾರ ಬಿದ್ದರೆ ನಿಲ್ಲುತ್ತದೇನೋ ಎಂದು ಪಕ್ಕದ ಚಹಾದಂಗಡಿಯ ಚಾಚಾನನ್ನು ಕೂರಿಸಿದೆ. ಚಾಚಾ ನನ್ನ ಹೆಂಡತಿಯ ಎರಡರಷ್ಟು ಭಾರ. ಹಾಡು ನಿಲ್ಲಲಿಲ್ಲ. ಅಷ್ಟರಲ್ಲಿ ಅವಳು ಬುತ್ತಿ ಹಿಡಿದು ಅಂಗಡಿಗೆ ಬಂದಳು. ಎರಡೂ ಬದಿಗೆ ಕಾಲು ಚಾಚಿ ಕೂತಿದ್ದ ಚಾಚಾನನ್ನು ಒಂದು ಗಳಿಗೆ ನೋಡಿದಳು.

“ಚಾಚಾ, ನಾ ಹಂಗ ಕುಂದರ್ತೇನೇನ್ರಿ?”

“ಅರೇ ಹೌದಲ್ಲವಾ!” ಎಂದ ಚಾಚಾ, ಲುಂಗಿ ಸರಿಮಾಡಿಕೊಂಡು ಎರಡೂ ಕಾಲು ಎಡಕ್ಕೆ ಇಳಿಬಿಟ್ಟು, ಸೀರೆಯುಟ್ಟವರ ಹಾಗೆ ಕೂತರು. ಹಾಡು ನಿಂತಿತು.

ಎದುರಿನ ಪಂಕ್ಚರ್ ಅಂಗಡಿಯವ ಕೂಗಿದ: “ಚಾಚಾ, ಸೆರಗು ಹೊತ್ಕೋರಿ, ಬಿಸಿಲೈತಿ!”

“ನಗು, ನಗು. ಸಂಜಿಗೆ ಚಹಾ ಕೇಳಾಕ ಬರ್ತೀಯಲ್ಲ!”

ಚಾಚಾ ಎದ್ದರೆ ಹಾಡು, ಕೂತರೆ ಇಲ್ಲ. ಸೀಟು ಬಿಚ್ಚಿದೆ. ಬ್ಯಾಟರಿಯಿಂದ ಪ್ಲೇಯರಿಗೆ ಹೋಗುವ ವೈರನ್ನು ಎಡ ಅಂಚಿನಲ್ಲೇ ಹಾಯಿಸಿದ್ದೆ. ಹೊರಗಿನಿಂದ ಹೊಸದರಂತೆ ಕಾಣುತ್ತಿತ್ತು, ಒಳಗೆ ತಾಮ್ರದ ಎಳೆ ತುಂಡಾಗಿತ್ತು. ಎಡಕ್ಕೆ ಭಾರ ಬಿದ್ದಾಗ ಸೀಟಿನ ತಗಡು ಒತ್ತಿ ತುಂಡುಗಳು ದೂರವಾಗುತ್ತಿದ್ದವು, ಭಾರ ಎದ್ದರೆ ಮತ್ತೆ ಕೂಡುತ್ತಿದ್ದವು. ಹೊಸ ವೈರಿಗೆ ಸೈಕಲ್ ಟ್ಯೂಬು ಹೊದಿಸಿ ನಡುವಿನಲ್ಲಿ ಹಾಯಿಸಿದೆ.

“ಹಂಗಾರ ನೀವು ಬಂದ್ ಮಾಡಿದ್ದಲ್ಲ?”

“ಖರೇನ ಅಲ್ಲ. ಕುಂತ ನೋಡು ಬೇಕಾದ್ರ.”

ಕೂತಳು. ಹಾಡು ನಡೆಯುತ್ತಲೇ ಇತ್ತು.

ಮುಂದಿನ ಸಲ ಬ್ಯಾಡಗಿಗೆ ಬೈಕಿನಲ್ಲೇ ಹೋದೆವು. ಮೆಣಸಿನಕಾಯಿಯ ಘಾಟು ಮೂಗಿಗೆ ತಾಗುವ ಹೊತ್ತಿಗೆ ಅವಳು ನನ್ನ ಹೆಗಲ ಮೇಲೆ ಕೈಯಿಟ್ಟು ಕಿವಿಯ ಹತ್ತಿರ ಬಂದಳು.

“ಹಾಡು ಸ್ವಲ್ಪ ಸಣ್ಣದ ಮಾಡ್ರಿ.”

“ಯಾಕ, ಚಲೋ ಇಲ್ಲೇನು?”

“ಚಲೋನ ಐತಿ. ಏನರ ಮಾತಾಡೂಣಂತ.”

ಅಂದು ಮೊದಲ ಸಲ ನಾನೇ ಬಂದ್ ಮಾಡಿದೆ.

ಈಗ ನನಗೆ ಅಂಗಡಿ ಎರಡು, ಮಕ್ಕಳು ಇಬ್ಬರು, ಗಾಡಿ ಎರಡು. ಒಂದು ಹೊಸದು, ಒಂದು ಅದೇ.