ಆಗಸ್ಟ್ ಹದಿನೈದರ ಹರಿಗೋಲು

ಯಾದಗಿರಿಯಿಂದ ಎರಡು ಹರದಾರಿ ಕೆಳಗೆ, ಭೀಮಾ ನದಿ ವಡಗೇರಾದ ಕಡೆಗೆ ಮೈ ತಿರುಗಿಸುವಲ್ಲಿ, ಸುಗಲಮ್ಮನ ಕಡವು ಇತ್ತು. ಈ ದಂಡೆಯಲ್ಲಿ ಎಂಟು ಮನೆ. ಆ ದಂಡೆಯಲ್ಲಿ ಶಹಾಪುರಕ್ಕೆ ಹೋಗುವ ಬಂಡಿದಾರಿ. ಬೇಸಿಗೆಯಲ್ಲಿ ಜನ ಸೀರೆ, ಧೋತರ ಎತ್ತಿಕೊಂಡು ನಡೆದೇ ದಾಟುತ್ತಿದ್ದರು. ಆಗ ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಮೃಗಶಿರ ಮಳೆ ಬಿದ್ದ ಮೇಲೆ ದಸರೆಯ ತನಕ ಎರಡೂ ದಂಡೆಯ ಬಾಯಲ್ಲಿ ಅವಳ ಹೆಸರೇ.

ಬೋನಾಳದ ಕೆರೆ ಅವಳ ತವರು. ನಿಂತ ನೀರು ನೋಡಿ ಬೆಳೆದವಳು ಹರಿಯುವ ನೀರಿಗೆ ಸೊಸೆಯಾಗಿ ಬಂದಳು. ಗಂಡ ದ್ಯಾವಪ್ಪ ಅವಳಿಗೆ ಹುಟ್ಟು ಹಾಕುವುದನ್ನು ಕಲಿಸಿದ. ಅತ್ತೆ ಸಾಯುವಾಗ ಕಿರಿಯ ಮಗ ಪಂಪಣ್ಣನ ಕೈಯನ್ನು ಅವಳ ಕೈಯಲ್ಲಿಟ್ಟು ಏನೋ ಹೇಳಲು ಹೋದಳು, ಆಗಲಿಲ್ಲ. ಹೇಳದೆ ಉಳಿದದ್ದನ್ನು ಸುಗಲಮ್ಮ ತಾನೇ ತುಂಬಿಕೊಂಡಳು. ಅವಳಿಗೆ ಮಕ್ಕಳಾಗಲಿಲ್ಲ. ಮೈದುನನೇ ಎಲ್ಲ.

ಸಾವಿರದ ಒಂಬೈನೂರ ನಲವತ್ತೈದರಲ್ಲಿ ದೊಡ್ಡ ಯುದ್ಧ ಮುಗಿದ ದಿನ ಅವಳು ಯಾದಗಿರಿ ಸ್ಟೇಶನ್ನಿನ ಹೊರಗೆ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ನಿಂತ ಗಾಡಿಯ ಇಂಜಿನ್ ಸೀಟಿ ಹಾಕಿತು, ಹಾಕಿದ್ದನ್ನು ನಿಲ್ಲಿಸಲೇ ಇಲ್ಲ. ಸಿಪಾಯಿಗಳು ಕಿಟಕಿಯಿಂದ ಟೋಪಿ ತೂರಿದರು. ತಂತಿ ಸುದ್ದಿಯ ತಾರು ಹೊಡೆಯುವ ಬಸವಂತ್ರಾಯರು ತಮ್ಮ ಕೋಣೆಯಿಂದ ಹೊರಗೆ ಬಂದು ಕಂಡಕಂಡವರಿಗೆ ಬತ್ತಾಸು ಹಂಚುತ್ತಿದ್ದರು. ಶಹಾಪುರದ ಕಡೆಯವರು; ಮೀನು ಮುಟ್ಟುವವರಲ್ಲ, ಆದರೂ ಅವಳನ್ನು ದಿನಾ ಮಾತಾಡಿಸುತ್ತಿದ್ದರು.

"ಬಾಯಿ ಸಿಹಿ ಮಾಡ್ಕೋ ಸುಗಲಮ್ಮಾ. ಜಗಳ ತೀರ್ತು."

"ಯಾರ ಜಗಳರಿ?"

"ಎಲ್ಲಾರದು. ಆಗಸ್ಟ್ ಹದಿನೈದು, ನೆನಪಿಟ್ಕೋ. ಈ ತಾರೀಖು ಇನ್ನ ಜಗತ್ತಿನಾಗ ಯಾರೂ ಮರ್ಯಾಂಗಿಲ್ಲ."

ಬತ್ತಾಸು ಇನ್ನೂ ಕೈಯಲ್ಲಿತ್ತು, ಕಡವಿನಿಂದ ಜನ ಓಡಿ ಬಂದರು. ಸುಳಿಯಲ್ಲಿ ಹರಿಗೋಲು ತಿರುಗಿ, ಜಾರಿದ ಜೋಳದ ಚೀಲ ಹಿಡಿಯಲು ಬಾಗಿದ ದ್ಯಾವಪ್ಪ ನೀರಿಗೆ ಹೋಗಿದ್ದ. ಅವರು ಅದನ್ನು ಹೇಳಿ ಮುಗಿಸಿದಾಗಲೂ ಇಂಜಿನ್ ಕೂಗುತ್ತಲೇ ಇತ್ತು. ಅವಳು ಅತ್ತದ್ದು ಯಾರಿಗೂ ಕೇಳಿಸಲಿಲ್ಲ.

ಆ ಎಂಟು ಮನೆಗಳಲ್ಲಿ ಒಂದು ನೇಮವಿತ್ತು. ಹೊಳೆ ಯಾರ ಮನೆಯವರನ್ನು ಒಯ್ದಿತೋ ಆ ಮನೆಯ ಹರಿಗೋಲು ಪ್ರತಿ ವರ್ಷ ಆ ದಿನ ನೀರಿಗೆ ಇಳಿಯಬಾರದು. ಸುಮ್ಮನೆ ಮಗುಚಿ ಹಾಕಿದರೆ ಸಾಲದು. ಅರ್ಧ ಮಳೆಗಾಲ ನೆನೆದು ಮೆತ್ತಗಾದ ಹಳೆಯ ತೊಗಲನ್ನು ಅಂದೇ ಬಿಚ್ಚಿ ಹೊಳೆಗೆ ಬಿಡಬೇಕು, ಬಿದಿರಿನ ಹಂದರಕ್ಕೆ ಹೊಸ ಎಮ್ಮೆ ತೊಗಲು ಹೊಲಿದು, ಔಡಲೆಣ್ಣೆ ತಿಕ್ಕಿ, ಮರುದಿನ ಸೂರ್ಯ ಹುಟ್ಟಿದ ಮೇಲೆ ನೀರಿಗೆ ಹಾಕಬೇಕು.

ದಿನವನ್ನು ತಿಥಿಯ ಪ್ರಕಾರ ಹಿಡಿಯುವುದು ಎಲ್ಲರ ರೂಢಿ. ದ್ಯಾವಪ್ಪನದು ಶ್ರಾವಣ ಶುದ್ಧ ಅಷ್ಟಮಿ. ಮರುವರ್ಷ ಸುಗಲಮ್ಮ ಅಂದು ಎಡೆ ಇಟ್ಟಳು. ಹರಿಗೋಲನ್ನು ಮಾತ್ರ ಆಗಸ್ಟ್ ಹದಿನೈದಕ್ಕೆ ನೀರಿನಿಂದ ಎತ್ತಿದಳು. ಹೊಳೆಯಲ್ಲಿ ಮುಳುಗಿದ ಅಂಬಿಗನನ್ನು ಎಷ್ಟು ಜನ ನೆನೆದಾರು? ಆದರೆ ಜಗತ್ತೇ ಮರೆಯದ ತಾರೀಖು ಒಂದಿದೆ ಎಂದು ಓದಿದವರು ಹೇಳಿದ್ದರು, ಅವನು ಹೋದದ್ದು ಅಂದೇ. ಆ ಮಾತನ್ನು ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ತಾರೀಖು ಅವಳಿಗೆ ತಿಳಿಯುತ್ತಿರಲಿಲ್ಲ. ಮೀನು ಮಾರಲು ಹೋದಾಗಲೆಲ್ಲ ಬಸವಂತ್ರಾಯರನ್ನು ಕೇಳಿ, ಉಳಿದ ದಿನಗಳಿಗೆ ಸರಿಯಾಗಿ ಹರಳು ಇಟ್ಟುಕೊಳ್ಳುತ್ತಿದ್ದಳು.

ಪಕ್ಕದ ಮನೆಯ ಅನ್ವರಬಿ ತೊಗಲು ಹೊಲಿಯಲು ಜೊತೆಗೆ ಕೂತಳು. "ಒಬ್ಬ ಗಂಡಗ ಎರಡೆರಡು ದಿನ ಮಾಡ್ತೀದಿ ನೋಡು. ನನ್ನ ಗಂಡ ಜೀವಂತ ಅದಾನ, ಅವನ್ನ ವರ್ಷಕ್ಕೊಂದು ದಿನಾನೂ ನೆನಸಂಗಿಲ್ಲ ನಾ."

"ನೀ ನೆನಸಿದ್ರ ಅವ ಹೆದರಿ ಓಡಿ ಹೋಗ್ತಾನ," ಎಂದಳು ಸುಗಲಮ್ಮ. ವಿಧವೆಯಾದ ಮೇಲೆ ಅವಳು ಮೊದಲು ನಕ್ಕದ್ದು ಅವತ್ತು ಎಂದು ಅನ್ವರಬಿ ಆಮೇಲೆ ಹೇಳುತ್ತಿದ್ದಳು.

ನಲವತ್ತೇಳರಲ್ಲಿ ಪಂಪಣ್ಣನಿಗೆ ಇಪ್ಪತ್ತೆರಡು. ಆಗಸ್ಟ್ ಹದಿನೈದು ಇನ್ನೂ ಎಂಟು ಹರಳು ದೂರವಿದ್ದಾಗ ಊಟದ ನಡುವೆ ಕೈ ತಡೆದು ಹೇಳಿದ:

"ಅತ್ತಿಗಿ, ಈ ವರ್ಷ ಅಧಿಕ ಮಾಸ ಬಂದದ. ಅಣ್ಣನ ತಿಥಿ ನಿಜ ಶ್ರಾವಣದಾಗ, ತಡಾ ಆಗಿ ಬರ್ತದ. ಹರಗೋಲ ಅವತ್ತೇ ಎತ್ತೂಣು. ತಾರೀಖಿಗೆ ಎತ್ತಬ್ಯಾಡ."

"ಯಾಕ?"

"ನಡು ಮಳೆಗಾಲದಾಗ ಕಡವು ನಿಂತ್ರ ಮಂದಿ ಬೈತಾರ."

"ಮಂದಿ ಯಾವತ್ತ ಬೈಯಂಗಿಲ್ಲ?"

"ಆತು ಅನ್ನು, ಅತ್ತಿಗಿ."

"ಆತು ಬಿಡು. ಉಣ್ಣು."

ನಿಜವಾದ ಕಾರಣ ಹೇಳಲು ಅವನಿಗೆ ಹೆದರಿಕೆ. ಅನ್ವರಬಿಯ ಅಣ್ಣ ಪೊಲೀಸ್ ನಾಕೆಯಲ್ಲಿ ಕೆಲಸಕ್ಕಿದ್ದ, ಎರಡು ಮನೆಗಳ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಹಿಂದೂಸ್ತಾನದಲ್ಲೆಲ್ಲ ಹದಿನೈದರ ಆ ಶುಕ್ರವಾರ ಸ್ವಾತಂತ್ರ್ಯದ ಬಾವುಟ ಏರುವುದಿತ್ತು. ನಿಜಾಮರ ಸೀಮೆಯಲ್ಲಿ ಅದನ್ನು ಏರಿಸಿದರೆ ಜೈಲು. ಯಾದಗಿರಿಯಲ್ಲಿ ಏರಿಸಿಯೇ ತೀರುವುದೆಂದು ಪಂಪಣ್ಣ ಮತ್ತು ಮೂವರು ಗೆಳೆಯರು ಮಾತಾಡಿಕೊಂಡಿದ್ದರು. ಏರಿಸಿದ ಕೂಡಲೇ ಆ ಮೂವರು ಗಾಡಿ ಹತ್ತುವುದು, ಇವನು ಹೊಳೆ ದಾಟುವುದು. ಆಮೇಲೆ ಶಹಾಪುರ, ಸುರಪುರ, ಹುಣಸಗಿ, ಅಲ್ಲಿಂದ ಗಡಿ ದಾಟಿದರೆ ಬಿಜಾಪುರದ ಸೀಮೆ. ದಾರಿಯಲ್ಲಿ ಕಷ್ಟದ್ದು ಹೊಳೆಯೊಂದೇ, ಹೊಳೆಗೆ ಅತ್ತಿಗೆಯ ಹರಿಗೋಲಿತ್ತು.

ಶುಕ್ರವಾರ ಬೆಳಗ್ಗೆ ಸುಗಲಮ್ಮ ಮೊದಲ ಜನರನ್ನು ದಾಟಿಸಿ ಬಂದು ಹಗ್ಗ ಕಟ್ಟುತ್ತಿದ್ದಳು. ಗಾಳಿ ಯಾದಗಿರಿಯ ಕಡೆಯಿಂದ ಬೀಸುತ್ತಿತ್ತು. ಆಗ ಗಾಡಿಯ ಸೀಟಿ ಕೇಳಿಸಿತು. ದಿನವೂ ಕೇಳುವ ತುಂಡು ಸೀಟಿಯಲ್ಲ, ಎರಡು ವರ್ಷದ ಹಿಂದಿನ ಆ ಉದ್ದನೆಯ, ನಿಲ್ಲದ ಕೂಗು. ಹೋದ ವರ್ಷ ಇಡೀ ದಿನ ಕಿವಿಗೊಟ್ಟು ಕೂತರೂ ಅದು ಕೇಳಿರಲಿಲ್ಲ. ಬೊಂಬಾಯಿ, ಮದರಾಸಿನ ಗಾಡಿಗಳು ಅಂದು ಯಾತಕ್ಕೆ ಕೂಗುತ್ತ ಬಂದವೆಂದು ಅವಳಿಗೆ ಗೊತ್ತಿರಲಿಲ್ಲ. ಮರೆತಿಲ್ಲ, ಅಂದುಕೊಂಡಳು. ಇವರು ಮರೆತಿಲ್ಲ, ನಾನು ಮರೆಯಲೇನು?

ಕೈ ತಾನಾಗಿ ಹಗ್ಗ ಬಿಚ್ಚಿತು. ಹರಿಗೋಲನ್ನು ದಂಡೆಗೆ ಎಳೆದಳು.

ಅನ್ವರಬಿ ರೋಜಾ ಹಿಡಿದಿದ್ದಳು. ರಂಜಾನಿನ ಕೊನೆಯ ಶುಕ್ರವಾರ. ದಬ್ಬಣ ಹಿಡಿದುಕೊಂಡೇ ಬಂದಳು. "ಪಂಪಗ ಎತ್ತಂಗಿಲ್ಲ ಅಂತ ಮಾತು ಕೊಟ್ಟಿದ್ದೆಲ್ಲ?"

"ಅವನಿಗೇನು, ಸಂಜಿಗೆ ಬರ್ತಾನ. ಅಷ್ಟರಾಗ ಹೊಲಿದು ಮುಗಸೂಣು. ಸಿಟ್ಟಾದ್ರ ಎರಡು ರೊಟ್ಟಿ ಜಾಸ್ತಿ ಬಡೀತೀನಿ."

ಹಳೆಯ ತೊಗಲು ಹೊಳೆಯ ಪಾಲಾಯಿತು. ತಿಥಿಗೆಂದು ತಂದು ಹಳ್ಳದಲ್ಲಿ ನೆನೆಹಾಕಿದ್ದ ಹೊಸದನ್ನು ಇಬ್ಬರೂ ಎಳೆದು ತಂದರು. ಅಂಚಿನ ಕಾಲುಭಾಗ ಹೊಲಿದಿರಬಹುದು, ಹೊತ್ತು ನೆತ್ತಿಗೆ ಬರುವಾಗ ಪಂಪಣ್ಣ ಓಡಿ ಬಂದ. ಅಂಗಿ ಹರಿದಿತ್ತು, ಒಂದು ಕಾಲಿಗೆ ಮಾತ್ರ ಚಪ್ಪಲಿ.

ಅವನು ನೀರಿನ ಕಡೆ ನೋಡಿದ. ಆಮೇಲೆ ಹರಿಗೋಲಿನ ಕಡೆ. ಬಿದಿರಿನ ಸಂದಿಗಳಲ್ಲಿ ಕೆಳಗಿನ ಮರಳು ಕಾಣುತ್ತಿತ್ತು, ಮರಳಿನ ಮೇಲೆ ಸಾಲುಗಟ್ಟಿದ ಇರುವೆಗಳೂ ಕಾಣುತ್ತಿದ್ದವು.

"ಅತ್ತಿಗಿ," ಎಂದ. ಅಷ್ಟೇ.

ಅವನಿಗೆ ಹರಿಗೋಲು ಬೇಕಿತ್ತೆಂದು ಆ ಒಂದು ಮಾತಿನಲ್ಲೇ ಅವಳಿಗೆ ತಿಳಿಯಿತು. ಅವನು ಎರಡೇ ವಾಕ್ಯದಲ್ಲಿ ಉಳಿದದ್ದನ್ನು ಹೇಳಿದ: ಬಾವುಟ ಏರಿಸಿದ್ದಾಯಿತು, ಗಡಿ ದಾಟಬೇಕು; ಪೊಲೀಸ್ ಜಮಾದಾರ ಬೆನ್ನ ಹಿಂದೆ ಇದ್ದಾನೆ. ಬೇರೆ ಕಡವು ಮೂರು ಹರದಾರಿ ಮೇಲೆ, ಅದೂ ಪೊಲೀಸರು ಬರುವ ದಾರಿಯಲ್ಲೇ.

"ಕೂಡು," ಎಂದಳು ಅನ್ವರಬಿ. "ನಿಂತು ಏನ್ ನೋಡಾಕತ್ತೀದಿ? ಇನ್ನೊಂದು ದಬ್ಬಣ ಅಲ್ಲಿ ಅದ, ತಗೋ."

ಮೂವರೂ ಕೂತು ಹೊಲಿದರು. ಒದ್ದೆ ತೊಗಲಿಗೆ ದಬ್ಬಣ ಚುಚ್ಚಬೇಕು, ಬಾರು ತೂರಿಸಬೇಕು, ಕಾಲು ಕೊಟ್ಟು ಜಗ್ಗಬೇಕು. ಅವಸರ ಮಾಡಿದರೆ ತೊಗಲು ಸೀಳುತ್ತದೆ. ಅವಸರ ಮಾಡದೆ ಇರಲು ಆಗುತ್ತಿರಲಿಲ್ಲ.

"ಎಷ್ಟು ಉಳದದ?"

"ಅರ್ಧಾ."

"ಸುಳ್ಳು ಹೇಳಬ್ಯಾಡ ಅತ್ತಿಗಿ."

"ಅರ್ಧದ ಮ್ಯಾಲ ಸ್ವಲ್ಪ. ಕೈ ನೋಡ್ಕೋ, ಮಾತಾಡಬ್ಯಾಡ."

ಅನ್ವರಬಿ ಅವನ ಹೊಲಿಗೆ ನೋಡಿ ನಾಲಿಗೆ ಲೊಟಗುಟ್ಟಿದಳು. "ತೋಬಾ, ಕಾಗಿ ಕೆಸರಾಗ ನಡದಂಗ ಹೊಲದಾನ. ಗಡಿ ದಾಟೂತನಕ ನೀ ಸೂಜಿ ಮುಟ್ಟಬ್ಯಾಡ ಮಾರಾಯ." ಪಂಪಣ್ಣ ನಕ್ಕುಬಿಟ್ಟ. ಅವಳ ಬೆರಳು ಸೀಳಿ ರಕ್ತ ಬರುತ್ತಿದ್ದುದನ್ನು ಅವನು ಆಗಲೇ ಕಂಡದ್ದು. ಯಾರಿಗೆ ಹೆದರಿ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲವೋ ಆಕೆ ಎದುರಿಗೆ ಕೂತು, ಉಪವಾಸದ ಒಣ ತುಟಿ ಕಚ್ಚಿಕೊಂಡು, ಅವನಿಗಾಗಿ ಬಾರು ಜಗ್ಗುತ್ತಿದ್ದಳು.

ಜಾಲಿ ಗಿಡಗಳ ಆಚೆ ಮಾತು ಕೇಳಿಸಿತು. ಅಂಚಿನಲ್ಲಿ ಇನ್ನೂ ಎರಡು ಮಾರು ಬಾಯಿ ತೆರೆದೇ ಇತ್ತು. ಪಂಪಣ್ಣ ದಬ್ಬಣ ಕೆಳಗಿಟ್ಟು ಎದ್ದ, ಅಂಗಿ ತೆಗೆಯತೊಡಗಿದ.

ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಬೇರು ಸಮೇತ ಒಂದು ಬೇವಿನ ಮರ ನಡುನೀರಿನಲ್ಲಿ ಹೊರಳುತ್ತ ಹೋಯಿತು. ದ್ಯಾವಪ್ಪ ಹೋದ ದಿನವೂ ನೀರು ಇಷ್ಟೇ ಇತ್ತು.

ಸುಗಲಮ್ಮ ಎರಡೂ ಕೈಯಿಂದ ಅವನ ತೋಳು ಹಿಡಿದಳು. "ಬ್ಯಾಡೋ ಯಪ್ಪಾ. ಈ ಹೊಳಿಗೆ ಒಬ್ಬನ್ನ ಕೊಟ್ಟೀನಿ."

"ಬಿಡು ಅತ್ತಿಗಿ. ಈಸ್ತೀನಿ ನಾ."

"ನಿಮ್ಮಣ್ಣಗೂ ಈಸಾಕ ಬರ್ತಿತ್ತು."

"ಬಿಡು."

ಬಿಡಿಸಿಕೊಳ್ಳುವ ಶಕ್ತಿ ಅವನಿಗಿತ್ತು. ಬಿಡಿಸಿಕೊಳ್ಳಲಿಲ್ಲ. ಹಾಗೆಯೇ ನಿಂತಿದ್ದಾಗ ಜಮಾದಾರ ಇಬ್ಬರು ಜವಾನರೊಂದಿಗೆ ಇಳಿಜಾರು ಇಳಿದು ಬಂದ. ಏದುಸಿರು ಬಿಡುತ್ತ ಅವಳನ್ನು ನೋಡಿ ನಕ್ಕ.

"ಶಾಭಾಸ್! ನಾವು ಓಡಿ ಓಡಿ ಸತ್ತಿವಿ, ನೀ ಇಲ್ಲಿ ಕುಂತಲ್ಲೇ ಹಿಡಿದು ಕೊಟ್ಟಿ."

ಅವಳು ಆಗಲೂ ಕೈ ಬಿಟ್ಟಿರಲಿಲ್ಲ. ಜವಾನರು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಸಂಕ್ರಾಂತಿ ಕಳೆದ ಮೇಲೆ ಬಸವಂತ್ರಾಯರು ಯಾರ್ಯಾರನ್ನೋ ಕೇಳಿ, ಅರ್ಜಿ ಬರೆದು, ಜೈಲಿನಲ್ಲಿ ಒಂದು ಸಲ ಭೇಟಿ ಮಾಡಿಸಿದರು. ಸರಳಿನ ಆಚೆ ಪಂಪಣ್ಣ ಸಣ್ಣಗಾಗಿದ್ದ, ಕೆಮ್ಮುತ್ತಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಅವಳು ಶುರುಮಾಡುವ ಮೊದಲೇ ಅವನೇ ಕೇಳಿದ:

"ಹರಗೋಲ ಹೊಲಿದು ಮುಗಿಸಿದೇನು?"

"ಮುಗಿಸೀನಿ."

"ನನ್ನ ಹೊಲಿಗಿ?"

"ಹಂಗೇ ಅದ. ಸೋರ್ತದ."

"ಸೋರಲಿ, ಬಿಚ್ಚಬ್ಯಾಡ. ಬಂದು ನಾನೇ ಸರಿಮಾಡ್ತೀನಿ."

ಆ ಮಾತು ಹಿಡಿದುಕೊಂಡು ಅವಳು ಏಳು ತಿಂಗಳು ಕಳೆದಳು. ನಲವತ್ತೆಂಟರ ಆಗಸ್ಟ್ ಹದಿನೈದು ಬಂತು. ಊರೂರಲ್ಲಿ ಭಯವಿತ್ತು, ಗಂಟು ಕಟ್ಟಿಕೊಂಡು ಗಡಿಯ ಕಡೆ ಹೋಗುವವರು ಹೆಚ್ಚಾಗಿದ್ದರು. ಅಂದು ಗಾಡಿ ಕಿಟಕಿ ಮುಚ್ಚಿಕೊಂಡು ಬಂತು, ಸೀಟಿ ಉದ್ದವಾಗಲಿಲ್ಲ. ಸುಗಲಮ್ಮ ಹರಿಗೋಲನ್ನು ಎತ್ತಲಿಲ್ಲ. ಸೂರ್ಯ ಹುಟ್ಟುವ ಮೊದಲೇ ನೀರಿಗೆ ಹಾಕಿ, ಹುಟ್ಟು ಹಿಡಿದು ದಂಡೆಯಲ್ಲೇ ನಿಂತಳು. ಬಂದವರನ್ನು ದಾಟಿಸಿದಳು, ಬೇಗ ಬೇಗ ಈ ದಂಡೆಗೆ ಮರಳಿದಳು. ಸಂಜೆಯವರೆಗೂ ಜಾಲಿ ಗಿಡಗಳ ದಾರಿ ನೋಡಿದಳು. ಜೈಲಿನಲ್ಲಿರುವವನು ಆ ದಾರಿಯಲ್ಲಿ ಬರಲಾರನೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ.

ಮುಂದಿನ ತಿಂಗಳು ಹಿಂದೂಸ್ತಾನದ ಫೌಜು ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಈಗ ಭಯ ಮನೆ ಬದಲಿಸಿ ಗೋಡೆಯ ಆಚೆಗೆ ಹೋಯಿತು. ಅನ್ವರಬಿ ಮಕ್ಕಳನ್ನೂ ಎರಡು ಗಂಟುಗಳನ್ನೂ ಹಿಡಿದು ಕಡವಿಗೆ ಬಂದಳು. ನಡುಹೊಳೆಯಲ್ಲಿ ಕಾಲ ಬುಡಕ್ಕೆ ನೀರು ಬಂದಾಗ, "ಇದು ನನ್ನ ಹೊಲಿಗಿ ಅಲ್ಲವ್ವಾ, ಆ ಕಾಗಿದು," ಎಂದಳು. ಇಬ್ಬರೂ ನಗಲು ನೋಡಿದರು. ಅನ್ವರಬಿ ಮರಳಿ ಬರಲಿಲ್ಲ.

ಸೀಗೆ ಹುಣ್ಣಿಮೆಯ ಹೊತ್ತಿಗೆ ಜೈಲಿನಲ್ಲಿದ್ದವರೆಲ್ಲ ಮನೆ ಸೇರಿದ್ದರು. ಪಂಪಣ್ಣನ ಬದಲು ಒಂದು ಕಾಗದ ಬಂತು. ಉರ್ದು. ಅದನ್ನು ಅವಳು ಬಸವಂತ್ರಾಯರ ಬಳಿಗೆ ಒಯ್ದಳು. ಅವರು ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡು ಓದಿದರು.

"ಜ್ವರ ಬಂದಿತ್ತಂತ ತಾಯಿ. ದವಾಖಾನಿಗೆ ಹಾಕಿದ್ರಂತ." ಕಾಗದದ ಕೆಳತುದಿಗೆ ಬೆರಳಿಟ್ಟು ಹೇಳಿದರು, "ನಿಜಾಮರ ಫಸಲಿ ತಾರೀಖು ಹಾಕ್ಯಾರ. ಮೆಹರ್ ತಿಂಗಳು. ಅಂದ್ರ ನಮ್ಮ ಆಗಸ್ಟಿನಾಗ ಬೀಳ್ತದ. ಯಾವ ದಿನ ಅಂತ ನೋಡಿ ಹೇಳ್ತೀನಿ, ತಡಿ."

ಮೊಳೆಗೆ ನೇತುಹಾಕಿದ್ದ ತಾರೀಖಿನ ಜಂತ್ರಿಗೆ ಅವರು ಕೈ ಚಾಚಿದರು.

"ನೋಡಬ್ಯಾಡ್ರಿ."

"ದಿನ ಗೊತ್ತಾಗೋದು ಬ್ಯಾಡೇನು? ನಿಮ್ಮಾಗ ಹರಗೋಲ ಎತ್ತೋ ಪದ್ಧತಿ ಅದಲ್ಲ?"

"ಅದು ಹೊಳಿ ಒಯ್ದವರಿಗ್ರಿ," ಎಂದಳು ಸುಗಲಮ್ಮ. "ಇವನ್ನ ಹೊಳಿ ಒಯ್ದಿಲ್ಲ. ಹೊಳಿಗೆ ಬಿಡಲಿಲ್ಲರಿ ನಾ."

ಬಸವಂತ್ರಾಯರ ಕೈ ಜಂತ್ರಿಯ ಮೇಲೆಯೇ ನಿಂತಿತು. ಅವಳು ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಕಡವಿನಲ್ಲಿ ಹತ್ತಿಯ ಚೀಲದವರು ಆಗಲೇ ಅವಳ ಹೆಸರು ಹಿಡಿದು ಕೂಗುತ್ತಿದ್ದರು.

ಆಮೇಲೆ ಅವಳು ಆ ಹರಿಗೋಲನ್ನು ಯಾವ ದಿನಕ್ಕೂ ಎತ್ತಲಿಲ್ಲ, ತೊಗಲು ಬಿಚ್ಚಲಿಲ್ಲ. ಹರಿದಲ್ಲಿ ತೇಪೆ ಹಾಕಿದಳು, ತೇಪೆ ಹರಿದರೆ ಅದರ ಮೇಲೆ ಇನ್ನೊಂದು. ಹರಿಗೋಲು ವರ್ಷ ವರ್ಷಕ್ಕೆ ಭಾರವಾಯಿತು. ಎಂಟು ಜನ ಕೂಡುತ್ತಿದ್ದಲ್ಲಿ ಆರು, ಆಮೇಲೆ ನಾಲ್ಕು. ಎಲ್ಲ ಕಡೆ ತೇಪೆ ಬಿದ್ದಿತ್ತು, ಅಂಚಿನಲ್ಲಿ ಮೊಳದಷ್ಟು ಉದ್ದದ ಒಂದು ಸೊಟ್ಟ ಹೊಲಿಗೆಯ ಮೇಲೆ ಮಾತ್ರ ಬೀಳಲಿಲ್ಲ. ಅಲ್ಲಿ ಕೂತವರ ಬಟ್ಟೆ ಒದ್ದೆಯಾಗುತ್ತಿತ್ತು. ಬೈದವರಿಗೆ ಅವಳು ತೆಂಗಿನ ಚಿಪ್ಪು ಕೊಡುತ್ತಿದ್ದಳು, ನೀರು ತೋಡಿ ಹಾಕಲು.